ಜಿಮ್ನಿಗೆ 2 ಇಂಚು ಲಿಫ್ಟ್ ಆದ ಮೇಲೂ ಮುಂದಿನ ಟೈರ್ ಉಜ್ಜುತ್ತಿದೆ, ಇನ್ನೂ ಎತ್ತಬೇಕಾ?

ತೋಟದ_ಜಿಮ್ನಿ

ಎಲ್ಲರಿಗೂ ನಮಸ್ಕಾರ. ಗಾಡಿ ಮಾರುತಿಯ 5 ಬಾಗಿಲಿನ ಜಿಮ್ನಿ, ಮ್ಯಾನ್ಯುಯಲ್ ಗೇರ್. ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ ಇದೆ. ಗಾಡಿ ಪೇಟೆಗಿಂತ ತೋಟದೊಳಗೆ ಓಡುವುದೇ ಜಾಸ್ತಿ.

ಟ್ರ್ಯಾಕ್ಟರ್ ಓಡಿ ಓಡಿ ನಮ್ಮ ದಾರಿಯಲ್ಲಿ ಎರಡೂ ಕಡೆ ಜಾಡು ಆಳವಾಗಿದೆ, ನಡುವೆ ದಿಣ್ಣೆ ಎದ್ದಿದೆ. ಜೂನ್, ಜುಲೈ ಬಂತೆಂದರೆ ಜಾಡು ಇನ್ನೂ ಇಳಿಯುತ್ತದೆ. ಆಗ ದಿಣ್ಣೆ ಸೀದಾ ಡಿಫರೆನ್ಷಿಯಲ್‌ಗೆ (ಆಕ್ಸಲ್ ಮೇಲಿನ ಗೇರ್ ಗುಂಡು) ತಾಗುತ್ತದೆ. ಕಂಪನಿಯಿಂದ ಬಂದ 195/80 ಆರ್15 ಟೈರ್‌ನಲ್ಲಿ ಆ ದಾರಿ ಆಗುವುದಿಲ್ಲ. ಅದಕ್ಕೇ 235/75 ಆರ್15 ಆಲ್ ಟೆರೇನ್ ಟೈರ್ ಹಾಕಿಸಿದೆ. ಜೊತೆಗೆ 50 ಮಿ.ಮೀ. ಎತ್ತರದ ಕಾಯಿಲ್ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್. ರಿಮ್ ಮಾತ್ರ ಕಂಪನಿಯದೇ.

ಈಗ ತೊಂದರೆ ಏನೆಂದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದರೆ ಗರ್ರ್ ಎಂದು ಸದ್ದು. ಎಡಕ್ಕೂ ಬರುತ್ತದೆ, ಬಲಕ್ಕೂ ಬರುತ್ತದೆ. ಇದು ಒಂದು ಬಗೆಯ ಸದ್ದು. ಇನ್ನೊಂದು ಬೇರೆ ತರಹ. ಎಡ ಚಕ್ರ ಚರಂಡಿಗೆ ಇಳಿದು ಬಲ ಮುಂದಿನ ಚಕ್ರ ದರೆ ಹತ್ತುವಾಗ, ಸ್ಟೀರಿಂಗ್ ಸ್ವಲ್ಪ ಎಡಕ್ಕಿದ್ದರೆ, ಬಲಗಡೆ ಮುಂದೆ ಟಪ್ ಎಂದು ಹೊಡೆದು ಆಮೇಲೆ ಉಜ್ಜುತ್ತದೆ. ಎಡ ಚಕ್ರ ಹತ್ತಿದಾಗ ಈ ಸದ್ದು ಇಲ್ಲ.

ಇದರ ಜೊತೆ ಲಿಫ್ಟ್ ಆದ ಮೇಲೆ ಹೈವೇನಲ್ಲಿ ಸ್ಟೀರಿಂಗ್ ಹಗುರ ಅನಿಸುತ್ತದೆ. ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ.

ಫಿಟ್ ಮಾಡಿದ ಅಂಗಡಿಯವರು ‘3 ಇಂಚು ಮಾಡಿಸಿ, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘30 ಮಿ.ಮೀ. ಸ್ಪೇಸರ್ ಹಾಕಿ ಬಿಸಾಕಿ’ ಎನ್ನುತ್ತಾರೆ (ಚಕ್ರ ಹೊರಗೆ ಬರಲು ಹಬ್‌ಗೂ ರಿಮ್‌ಗೂ ನಡುವೆ ಇಡುವ ತಟ್ಟೆ). ಅಪ್ಪ ‘ಹಳೇ ಟೈರ್ ಹಾಕಿ ಸುಮ್ನಿರು’ ಎನ್ನುತ್ತಿದ್ದಾರೆ. ಬಾಡಿ ಕತ್ತರಿಸಲು ನನಗೆ ಇಷ್ಟವಿಲ್ಲ. ಎಲ್ಲಿಂದ ಶುರು ಮಾಡಲಿ?

ಕೆಸರು_ಪ್ರಿಯ

ಮಡ್ ಫ್ಲ್ಯಾಪ್ ಬಿಚ್ಚಿ ನೋಡಿದಿರಾ? ನನ್ನ ಗಾಡಿಯಲ್ಲಿ ಅರ್ಧ ಸದ್ದು ಅಲ್ಲಿಂದಲೇ ಬರುತ್ತಿತ್ತು. ಖರ್ಚೇನೂ ಇಲ್ಲ.

ಹಳೇ_ಜಿಪ್ಸಿ

3 ಇಂಚು ಬೇಡ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಪಕ್ಕಕ್ಕಿಟ್ಟುಕೊಂಡು ಓದಿ.

ನಾನು ಸಕಲೇಶಪುರದ ಕಡೆಯವನು. ನಮ್ಮ ಕಡೆ ತೋಟದ ಮನೆಗೊಂದು ಜಿಪ್ಸಿ ಇದ್ದ ಕಾಲದಲ್ಲಿ ಇದೇ ಜಗಳ ಗ್ಯಾರೇಜಿನಲ್ಲಿ ದಿನಾ ನಡೆಯುತ್ತಿತ್ತು. ಜಿಪ್ಸಿಗೆ 235/75 ಹಾಕಿಸುತ್ತಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಹೋಗಿ ಮುಂದಿನ ಪಾಟಾಗೆ (ಪಟ್ಟಿ ಸ್ಪ್ರಿಂಗ್) ಉಜ್ಜುತ್ತಿತ್ತು. ಪಾಟಾ ತುದಿ ಹಿಡಿಯುವ ಶಾಕಲ್ ಉದ್ದದ್ದು ಹಾಕಿ ಎತ್ತುತ್ತಿದ್ದರು. ಆಗಲೂ ಉಜ್ಜುತ್ತಿತ್ತು. ಇನ್ನೂ ಉದ್ದದ್ದು ಹಾಕುತ್ತಿದ್ದರು. ಆಗಲೂ ಅದೇ. ಕೊನೆಗೆ ಸ್ಟೀರಿಂಗ್ ಅಲೆಯಲು ಶುರುವಾಗಿ ಗಾಡಿಯನ್ನೇ ಬೈಯುತ್ತಿದ್ದರು.

ಲಿಫ್ಟ್ ಅಂದರೆ ಆಕ್ಸಲ್‌ಗೂ ಚಾಸಿಗೂ ನಡುವಿನ ದೂರ ಹೆಚ್ಚಿಸುವುದು, ಅಷ್ಟೇ. ಟೈರ್ ತಾಗುತ್ತಿರುವುದು ಚಾಸಿಗೋ ಬಾಡಿಗೋ ಬಂಪರ್‌ಗೋ ಆದರೆ ಲಿಫ್ಟ್‌ನಿಂದ ಒಂದಿಷ್ಟು ಉಪಯೋಗ ಆಗಬಹುದು. ಆದರೆ ಅದು ತಾಗುತ್ತಿರುವುದು ಆಕ್ಸಲ್‌ಗೇ ಬಿಗಿದಿರುವ ಭಾಗಕ್ಕಾದರೆ? ಆಗ ನೀವು 2 ಇಂಚಾದರೂ ಎತ್ತಿ, 6 ಇಂಚಾದರೂ ಎತ್ತಿ, ಟೈರಿಗೂ ಅದಕ್ಕೂ ನಡುವೆ ಜಾಗ ಹುಟ್ಟುವುದಿಲ್ಲ. ಎರಡೂ ಒಟ್ಟಿಗೇ ಮೇಲೆ ಕೆಳಗೆ ಹೋಗುತ್ತವೆ. ಜಿಪ್ಸಿಯ ಪಾಟಾ ಆಕ್ಸಲ್‌ಗೆ ಯು ಬೋಲ್ಟ್ ಹಾಕಿ ಕಟ್ಟಿದ್ದು. ನಿಮ್ಮ ಜಿಮ್ನಿಯಲ್ಲಿ ಪಾಟಾ ಇಲ್ಲ, ಅದರ ಬದಲು ಎರಡು ರೇಡಿಯಸ್ ಆರ್ಮ್ ಇವೆ. ಆರ್ಮ್‌ನ ಹಿಂದಿನ ತುದಿ ಚಾಸಿಗೆ, ಮುಂದಿನ ತುದಿ ಆಕ್ಸಲ್‌ಗೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಎಡ ಟೈರಿನ ಹಿಂಬದಿ ಒಳಕ್ಕೆ ಬಂದು ಎಡ ಆರ್ಮ್‌ಗೆ ತಾಗುತ್ತದೆ. ಬಲಕ್ಕೆ ತಿರುಗಿಸಿದರೆ ಬಲ ಟೈರ್, ಬಲ ಆರ್ಮ್. ನಿಮ್ಮ ಗರ್ರ್ ಇದೇ ಇರಬೇಕು. ಲಿಫ್ಟ್ ಹಾಕುವ ಮೊದಲು ಈ ಟೈರ್ ಹಾಕಿ ತಿರುಗಿಸಿದ್ದರೂ ಇದೇ ಸದ್ದು ಬರುತ್ತಿತ್ತು.

ಎರಡನೇ ಸದ್ದಿನ ಕಥೆ ಬೇರೆ. ಅಲ್ಲೂ ಲಿಫ್ಟ್ ನಿಮಗೆ ಅಂದುಕೊಂಡಷ್ಟು ಕೊಟ್ಟಿಲ್ಲ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಾಗ ಟೈರಿನ ಮೇಲೆ ಒಳ್ಳೇ ಜಾಗ ಕಾಣುತ್ತದೆ, ಫೋಟೋದಲ್ಲೂ ಚೆನ್ನಾಗಿರುತ್ತದೆ. ಆದರೆ ಒಂದೇ ಚಕ್ರ ದರೆ ಹತ್ತಿದಾಗ ಆ ಕಡೆಯ ಸ್ಪ್ರಿಂಗ್ ಪೂರ್ತಿ ಕುಗ್ಗುತ್ತದೆ. ಎಲ್ಲಿಯವರೆಗೆ? ಬಂಪ್ ಸ್ಟಾಪ್ ರಬ್ಬರ್ ತಡೆಯುವವರೆಗೆ. ಆ ರಬ್ಬರ್ ಕಂಪನಿಯದೇ ಇದ್ದರೆ, ಆಕ್ಸಲ್ ಮೊದಲು ಎಷ್ಟು ಮೇಲೆ ಹೋಗುತ್ತಿತ್ತೋ ಈಗಲೂ ಅಷ್ಟೇ ಮೇಲೆ ಹೋಗುತ್ತದೆ. ಟೈರ್ ಮಾತ್ರ ದೊಡ್ಡದಾಗಿದೆ. 195/80 ಆರ್15 ಟೈರಿನ ವ್ಯಾಸ 693 ಮಿ.ಮೀ. 235/75 ಆರ್15 ಟೈರಿನದ್ದು ಸುಮಾರು 733. ಅಂದರೆ ಮಧ್ಯದಿಂದ ಅಂಚಿಗೆ 20 ಮಿ.ಮೀ. ಜಾಸ್ತಿ. ಆ 20 ಮಿ.ಮೀ. ಲೆಕ್ಕವನ್ನು ಬಂಪ್ ಸ್ಟಾಪ್‌ಗೆ ಯಾರೂ ಹೇಳಿಲ್ಲ.

ಇನ್ನೊಂದು ವಿಷಯ. ಆರ್ಮ್ ತಿರುಗುವ ಕೀಲು ಹಿಂದೆ ಇದೆಯಲ್ಲ, ಲಿಫ್ಟ್ ಆದ ಮೇಲೆ ಆರ್ಮ್ ಮುಂದಕ್ಕೆ ಇಳಿಜಾರಾಗಿ ನಿಂತಿದೆ. ಆಕ್ಸಲ್ ಮೇಲೆ ಬಂದ ಹಾಗೆ ಅದು ಸ್ವಲ್ಪ ಮುಂದಕ್ಕೂ ಬರುತ್ತದೆ. ಮೇಲಾಗಿ ಎಡಕ್ಕೆ ಸ್ಟೀರಿಂಗ್ ತಿರುಗಿಸಿದರೆ ಬಲ ಚಕ್ರ ಕಿಂಗ್‌ಪಿನ್ (ಚಕ್ರ ಎಡಬಲ ತಿರುಗುವ ಕೀಲು) ಸುತ್ತ ತಿರುಗುತ್ತಾ ಮುಂದಕ್ಕೇ ಸರಿಯುತ್ತದೆ. ಎರಡೂ ಸೇರಿದರೆ ಟೈರ್ ಹೋಗುವುದು ಬಂಪರ್ ತುದಿಯ ಒಳಗಿನ ಪ್ಲಾಸ್ಟಿಕ್ ಲೈನರ್ ಕಡೆಗೆ. ನೀವು ಹೇಳಿದ ಹಾಗೆಯೇ ಇದೆ, ಅಲ್ವಾ?

ಎಡಗಡೆ ಯಾಕಿಲ್ಲ ಅನ್ನುವುದಕ್ಕೂ ನನ್ನ ಅನುಮಾನ ಒಂದಿದೆ. ಜಿಮ್ನಿಯಲ್ಲಿ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯಲು ಒಂದು ಪ್ಯಾನ್‌ಹಾರ್ಡ್ ರಾಡ್ ಇದೆ. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ರಾಡ್ ಉದ್ದ ಬದಲಾಗುವುದಿಲ್ಲ. ಚಾಸಿ ಮೇಲೆ ಹೋದರೆ ರಾಡ್ ಜಾಸ್ತಿ ಓರೆಯಾಗುತ್ತದೆ, ಅಡ್ಡಳತೆ ಕಡಿಮೆಯಾಗುತ್ತದೆ, ಆಕ್ಸಲ್ಲನ್ನು ಒಂದು ಕಡೆಗೆ ಎಳೆಯುತ್ತದೆ. ನಮ್ಮ ಬಲಗೈ ಸ್ಟೀರಿಂಗ್ ಗಾಡಿಗಳಲ್ಲಿ ಡ್ರೈವರ್ ಕಡೆಗೆ.

ಈಗ ಮಾತು ಬಿಟ್ಟು ನೋಡುವ ಕೆಲಸ. ಎರಡೂ ಮುಂದಿನ ಟೈರಿನ ಒಳ ಅಂಚು, ಹೊರ ಅಂಚು, ಭುಜಕ್ಕೆ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಮೊದಲು ಸಮತಟ್ಟಾದ ಅಂಗಳದಲ್ಲಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನಿಧಾನ ಮುಂದೆ, ಹಿಂದೆ ಮಾಡಿ. ಎಲ್ಲಿ ಬಿಳಿ ಅಂಟಿದೆ ನೋಡಿ, ಫೋಟೋ ತೆಗೆಯಿರಿ, ಒರೆಸಿ. ಆಮೇಲೆ ಬಲ ಮುಂದಿನ ಚಕ್ರ ಮತ್ತು ಎಡ ಹಿಂದಿನ ಚಕ್ರ ದಿಬ್ಬದ ಮೇಲಿರುವ ಹಾಗೆ ನಿಲ್ಲಿಸಿ ಅದೇ ಮಾಡಿ. ನಂತರ ಉಲ್ಟಾ. ಸ್ಟೀರಿಂಗ್ ತಿರುಗಿಸಲು ಒಬ್ಬರು, ನೋಡಲು ಒಬ್ಬರು ಬೇಕು. ನೋಡುವವರು ಟಾರ್ಚ್ ಹಿಡಿದು ದೂರದಿಂದ ನೋಡಲಿ, ಓರೆಯಾಗಿ ನಿಂತ ಗಾಡಿ ಕೆಳಗೆ ತಲೆ ಹಾಕುವುದು ಬೇಡ.

ಗಾರೆ ಕೆಲಸದವರ ಹತ್ತಿರ ತೂಗುಗುಂಡು ಸಿಗುತ್ತದೆ. ಸಮತಟ್ಟಾದ ಜಾಗದಲ್ಲಿ, ಸ್ಟೀರಿಂಗ್ ನೇರ ಇಟ್ಟು, ಮುಂದಿನ ಎರಡೂ ಫೆಂಡರ್‌ಗಳ ಒಂದೇ ಜಾಗದಿಂದ ದಾರ ಇಳಿಬಿಡಿ. ದಾರದಿಂದ ಟೈರಿಗೆ ಎಷ್ಟಿದೆ ಎಂದು ಎರಡೂ ಕಡೆ ಅಳೆಯಿರಿ.

ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಹತ್ತಿರ ಬಿಳಿ ಕಂಡರೆ ಬೇರೆ ಎಲ್ಲ ಬಿಟ್ಟು ಅದನ್ನು ಮೊದಲು ಸರಿ ಮಾಡಿಸಿ.

ತೋಟದ_ಜಿಮ್ನಿ

ತುಂಬಾ ಥ್ಯಾಂಕ್ಸ್ ಸರ್. ಭಾನುವಾರ ತಮ್ಮನನ್ನು ಕೂರಿಸಿಕೊಂಡು ಇಷ್ಟೂ ಮಾಡಿದೆ. ಗಾಡಿಗೆ ಸುಣ್ಣ ಬಳಿಯುವುದನ್ನು ನೋಡಿ ಕೆಲಸದವರು ಪೂಜೆಯಾ ಎಂದು ಕೇಳಿದರು.

ಸಮತಟ್ಟಿನಲ್ಲಿ ಪೂರ್ತಿ ತಿರುಗಿಸಿದಾಗ ಎರಡೂ ಆರ್ಮ್ ಮೇಲೆ ಬಿಳಿ. ಮೊದಲೇ ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ನೀವು ಹೇಳಿದ್ದು ಸರಿ. ಬಲ ಚಕ್ರ ದಿಬ್ಬದ ಮೇಲೆ ಇದ್ದಾಗ ಬಲ ಬಂಪರ್ ತುದಿಯ ಒಳಗೆ, ಲೈನರ್‌ನ ಕೆಳಭಾಗದಲ್ಲಿ ಅಂಗೈಯಗಲ ಬಿಳಿ. ಎಡ ಚಕ್ರ ದಿಬ್ಬದ ಮೇಲೆ ಇದ್ದಾಗ ಎಡ ಲೈನರ್‌ಗೆ ಬಿಳಿಯ ಗೆರೆಯೂ ಇಲ್ಲ. ಹಿಂದಿನ ಚಕ್ರಗಳಲ್ಲಿ ಏನೂ ಇಲ್ಲ. ಬ್ರೇಕ್ ಹೋಸ್‌ಗೆ ತಾಗಿಲ್ಲ.

ತೂಗುಗುಂಡಿನ ಅಳತೆಯಲ್ಲಿ ಬಲ ಟೈರ್ ಎಡದಕ್ಕಿಂತ 14 ಮಿ.ಮೀ. ಜಾಸ್ತಿ ಹೊರಗಿದೆ. ಇದೇನಾ ಆ ರಾಡ್ ಮಾಡಿದ ಕೆಲಸ?

ಬಂಪ್ ಸ್ಟಾಪ್ ಬಗ್ಗೆ ಅಂಗಡಿಯವರನ್ನು ಕೇಳಿದೆ. ಕಿಟ್‌ನಲ್ಲಿ ಬಂದಿರಲಿಲ್ಲವಂತೆ, ಕಂಪನಿಯದೇ ಇದೆಯಂತೆ.

ಹಳೇ_ಜಿಪ್ಸಿ

ಅದೇ ರಾಡ್. ಎರಡು ಕಡೆಯ ವ್ಯತ್ಯಾಸ 14 ಅಂದರೆ ಆಕ್ಸಲ್ 7 ಮಿ.ಮೀ. ಬಲಕ್ಕೆ ಸರಿದಿದೆ. ಭಯ ಪಡುವಂಥದ್ದೇನಲ್ಲ. ಲಿಫ್ಟ್ ಆದ ಜಿಮ್ನಿಗಳಲ್ಲಿ ಇದು ಸಹಜ. ಆದರೆ ನಿಮ್ಮ ಎಡ, ಬಲ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದು.

ಈಗ ಆರ್ಮ್ ವಿಷಯ ಮೊದಲು. ಇಲ್ಲಿ ದಾರಿ ಎರಡೇ. ಟೈರನ್ನು ಹೊರಗೆ ತರಬೇಕು, ಇಲ್ಲವೇ ಅಷ್ಟು ತಿರುಗದ ಹಾಗೆ ಮಾಡಬೇಕು. ನಾನಾದರೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ.

ಕಂಪನಿ ರಿಮ್ 15 ಇಂಚು ವ್ಯಾಸ, 5.5 ಇಂಚು ಅಗಲ, ಆಫ್‌ಸೆಟ್ ಇಟಿ 5 (ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಕೂರುತ್ತದೆ). ನಿಮ್ಮ ಹೊಸ ಟೈರ್ ಹಳೆಯದಕ್ಕಿಂತ 40 ಮಿ.ಮೀ. ಅಗಲ. ಅದರಲ್ಲಿ ಅರ್ಧ, ಅಂದರೆ ಸುಮಾರು 20 ಮಿ.ಮೀ., ಒಳಗಡೆಗೆ ಬಂದಿದೆ. ಆರ್ಮ್‌ಗೆ ತಾಗದೆ ಇನ್ನೇನಾಗುತ್ತದೆ? ಅಂಗಡಿಯವರು ಹೇಳದ ಇನ್ನೊಂದು ಮಾತು ಕೇಳಿ. 235/75 ಆರ್15 ಟೈರಿಗೆ ಟೈರ್ ಕಂಪನಿಗಳು ಹೇಳುವ ರಿಮ್ ಅಗಲ 6 ಇಂಚಿನಿಂದ ಶುರು. 5.5 ರಿಮ್ ಅದಕ್ಕೆ ಕಿರಿದು. ಕೆಸರಿಗಾಗಿ ಗಾಳಿ ಇಳಿಸಿ ಓಡಿಸುವವರು ನೀವು. ಕಿರಿದಾದ ರಿಮ್ ಮೇಲೆ ಟೈರ್ ಪಕ್ಕಕ್ಕೆ ಉಬ್ಬಿಕೊಂಡು ಕೂರುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ಹೇಗೂ ರಿಮ್ ಬದಲಿಸಬೇಕು ಎಂದಾದ ಮೇಲೆ ಸ್ಪೇಸರ್ ಮಾತು ಯಾಕೆ? 15×6, ಇಟಿ ಮೈನಸ್ 10ರ ಸುತ್ತಮುತ್ತ ಇರುವ ರಿಮ್ ನೋಡಿ. ಪಿಸಿಡಿ (ನಟ್ ತೂತುಗಳ ವೃತ್ತದ ಅಳತೆ) 5×139.7, ನಡುವಿನ ತೂತು 108 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಕೇಳುವಾಗ ಇಷ್ಟೂ ಹೇಳಿ. ಇಟಿ 5ರಿಂದ ಮೈನಸ್ 10ಕ್ಕೆ ಹೋದರೆ ಟೈರ್ 15 ಮಿ.ಮೀ. ಹೊರಗೆ ಬಂತು.

30 ಮಿ.ಮೀ. ಸ್ಪೇಸರ್ ಯಾಕೆ ಬೇಡ ಅಂದರೆ, ಆರ್ಮ್‌ನಿಂದ ದೂರ ಆಗುತ್ತದೆ ನಿಜ, ಆದರೆ ಕಿಂಗ್‌ಪಿನ್‌ನಿಂದಲೂ ದೂರ ಆಗುತ್ತದೆ. ಚಕ್ರ ಹೊರಗೆ ಹೋದಷ್ಟೂ ತಿರುಗುವಾಗ ಅದು ಬೀಸುವ ವೃತ್ತ ದೊಡ್ಡದು. ಮುಂದೆ ಬಂಪರ್‌ಗೆ, ಹಿಂದೆ ಬಾಗಿಲ ಕಡೆಯ ಮೂಲೆಗೆ ಇನ್ನೂ ಜೋರಾಗಿ ಹೊಡೆಯುತ್ತದೆ. ಒಳಗಿನ ಸದ್ದು ನಿಲ್ಲಿಸಿ ಹೊರಗೆ ಎರಡು ಸದ್ದು ತಂದ ಹಾಗೆ. ಕಿಂಗ್‌ಪಿನ್ ಬೇರಿಂಗ್, ಹಬ್ ಬೇರಿಂಗ್ ಮೇಲೆ ಭಾರವೂ ಜಾಸ್ತಿ. ಜಿಪ್ಸಿಯಲ್ಲಾಗಲೀ ಜಿಮ್ನಿಯಲ್ಲಾಗಲೀ ಕಿಂಗ್‌ಪಿನ್ ಬೇರಿಂಗ್ ಸಡಿಲವಾದರೆ 60, 70ರ ವೇಗದಲ್ಲಿ ಹಳ್ಳ ಹಾರಿದಾಗ ಸ್ಟೀರಿಂಗ್ ಹೇಗೆ ನಡುಗುತ್ತದೆ ಎನ್ನುವುದನ್ನು ಅನುಭವಿಸಿದವರನ್ನೇ ಕೇಳಿ.

15 ಮಿ.ಮೀ. ಹೊರಗೆ ಬಂದ ಮೇಲೂ ಪೂರ್ತಿ ತಿರುಗಿಸಿದರೆ ಸ್ವಲ್ಪ ತಾಗಬಹುದು. ಉಳಿದದ್ದಕ್ಕೆ ಸ್ಟೀರಿಂಗ್ ಸ್ಟಾಪ್. ಚಕ್ರ ತಿರುಗಿಸುವ ನಕಲ್‌ನಲ್ಲಿ (ಆಕ್ಸಲ್ ತುದಿಯ ಭಾಗ) ಲಾಕ್ ನಟ್ ಇರುವ ಬೋಲ್ಟ್ ಕಾಣುತ್ತದೆ. ನಟ್ ಸಡಿಲಿಸಿ ಬೋಲ್ಟನ್ನು ಸ್ವಲ್ಪ ಹೊರಗೆ ತಿರುಗಿಸಿದರೆ ಚಕ್ರ ಮೊದಲೇ ನಿಲ್ಲುತ್ತದೆ. ಬೋಲ್ಟ್ ಇರುವುದು ಕಿಂಗ್‌ಪಿನ್ ಹತ್ತಿರ, ಟೈರಿನ ಅಂಚು ಇರುವುದು ದೂರ. ಹಾಗಾಗಿ ಇಲ್ಲಿ 1 ಮಿ.ಮೀ. ಅಂದರೆ ಅಲ್ಲಿ ಹಲವು ಮಿ.ಮೀ. ಅರ್ಧ ಸುತ್ತು ಹಾಕಿ, ನೋಡಿ, ಮತ್ತೆ ಅರ್ಧ ಸುತ್ತು. ಎರಡೂ ಕಡೆ ಬೇರೆ ಬೇರೆ ನೋಡಿಕೊಳ್ಳಿ. ಟೈರಿಗೂ ಆರ್ಮ್‌ಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಬಿಡಿ. ಬಿಗಿಯಾಗಿ ಲೆಕ್ಕ ಹಾಕಿದರೆ ಮಳೆಗಾಲದಲ್ಲಿ ಟೈರಿನ ಮೇಲೆ ಕೆಸರು ಮೆತ್ತಿ ಆ ಜಾಗ ತಾನೇ ಮುಚ್ಚಿಹೋಗುತ್ತದೆ, ಕೆಸರಲ್ಲಿ ಜಲ್ಲಿ ಬೇರೆ ಇರುತ್ತದೆ.

ಇದರ ಬೆಲೆ ಇದೆ. ಗಾಡಿ ತಿರುಗಲು ಜಾಗ ಜಾಸ್ತಿ ಬೇಕಾಗುತ್ತದೆ. 5 ಬಾಗಿಲಿನ ಜಿಮ್ನಿ ಮೊದಲೇ ಉದ್ದ. ನಿಮ್ಮ ತೋಟದಲ್ಲಿ ಒಂದೇ ಏಟಿಗೆ ತಿರುಗುತ್ತಿದ್ದ ಮೂಲೆಯಲ್ಲಿ ಇನ್ನು ಒಮ್ಮೆ ರಿವರ್ಸ್ ತೆಗೆಯಬೇಕಾಗಬಹುದು. ಅದಕ್ಕೇ ಪೂರ್ತಿ ಕೆಲಸವನ್ನು ಸ್ಟಾಪ್ ಮೇಲೆ ಹಾಕಬೇಡಿ ಎಂದೆ.

ಇನ್ನು ಬಂಪರ್ ಕಡೆ. ಬಂಪ್ ಸ್ಟಾಪ್‌ಗೆ ಸ್ಪೇಸರ್ ಹಾಕಿಸಿ, ಇದು ಚಕ್ರದ ಸ್ಪೇಸರ್ ಅಲ್ಲ, ರಬ್ಬರ್ ಬೇಗ ತಡೆಯುವ ಹಾಗೆ ಮಾಡುವ ತುಂಡು. ಟೈರ್ ಮಧ್ಯದಿಂದ ಅಂಚಿಗೆ 20 ಮಿ.ಮೀ. ಜಾಸ್ತಿಯಾಗಿದೆ, ಸ್ಪೇಸರ್ 20ರಿಂದ 25 ಸಾಕು. 50 ಹಾಕಿಸುವವರಿದ್ದಾರೆ. ಹಾಗೆ ಮಾಡಿದರೆ ಚಕ್ರ ಮೇಲೆ ಹೋಗುವ ದಾರಿಯನ್ನೆಲ್ಲ ನೀವೇ ಕಟ್ಟಿದ ಹಾಗೆ, ಸವಾರಿ ಎತ್ತಿನ ಗಾಡಿ ಆಗುತ್ತದೆ. ಸ್ಪೇಸರ್‌ನಿಂದ ಇನ್ನೊಂದು ಲಾಭ ಇದೆ. ಲಿಫ್ಟ್‌ಗೆ ಬಂದ ಶಾಕ್ ಕುಗ್ಗಿದಾಗಲೂ ಕೆಲವೊಮ್ಮೆ ಹಳೆಯದಕ್ಕಿಂತ ಉದ್ದವಿರುತ್ತದೆ. ಬಂಪ್ ಸ್ಟಾಪ್‌ಗಿಂತ ಮೊದಲು ಶಾಕ್ ತಳ ಮುಟ್ಟಿದರೆ ಶಾಕ್ ಸಾಯುತ್ತದೆ. ನೀವು ಹೇಳಿದ ‘ಟಪ್’ ಟೈರಿನದ್ದಾ, ಶಾಕ್‌ನದ್ದಾ ಎಂಬ ಅನುಮಾನ ನನಗೆ ಇನ್ನೂ ಇದೆ. ಶಾಕ್ ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ ಓಡಿಸಿ ಬನ್ನಿ. ಟೈ ಎಲ್ಲಿಯವರೆಗೆ ತಳ್ಳಿಕೊಂಡು ಹೋಗಿದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಪ್ಯಾನ್‌ಹಾರ್ಡ್ ರಾಡ್ ಅಡ್ಜಸ್ಟ್ ಮಾಡುವಂಥದ್ದು ಸಿಗುತ್ತದೆ. ಹಾಕಿಸಿ ಆಕ್ಸಲ್ ನಡುವಿಗೆ ತನ್ನಿ. ಹಾಕಿಸಿದ ಮೇಲೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ರಾಡ್) ಉದ್ದ ಸರಿಮಾಡಿ ಸ್ಟೀರಿಂಗ್ ಚಕ್ರ ನೇರ ಮಾಡಲೇಬೇಕು. ಇದು ಅಂದಕ್ಕೆ ಹೇಳುತ್ತಿರುವುದಲ್ಲ. ನಿಮ್ಮ ಗಾಡಿಯಲ್ಲಿ ಇಎಸ್‌ಪಿ, ಅಂದರೆ ಗಾಡಿ ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಇದೆ. ಸ್ಟೀರಿಂಗ್ ಓರೆ ಇದ್ದು ಗಾಡಿ ನೇರ ಹೋಗುತ್ತಿದ್ದರೆ ಆ ಕಂಪ್ಯೂಟರ್‌ಗೆ ಡ್ರೈವರ್ ತಿರುಗಿಸುತ್ತಿದ್ದಾನೆ, ಗಾಡಿ ತಿರುಗುತ್ತಿಲ್ಲ ಎಂದು ಕಾಣುತ್ತದೆ. ಬೇಡದ ಹೊತ್ತಿನಲ್ಲಿ ಬ್ರೇಕ್ ಹಿಡಿಯಬಹುದು. ನಮ್ಮ ಜಿಪ್ಸಿಗೆ ಈ ತಲೆನೋವು ಇರಲಿಲ್ಲ, ಬುದ್ಧಿಯೆಲ್ಲ ಡ್ರೈವರ್ ಹತ್ತಿರವೇ ಇರಬೇಕಿತ್ತು.

ಲೈನರ್: ಇಷ್ಟೆಲ್ಲ ಆದ ಮೇಲೂ ಕೆಳ ಮೂಲೆಯಲ್ಲಿ ತಾಗಿದರೆ ಹೀಟ್ ಗನ್‌ನಿಂದ ಬಿಸಿ ಮಾಡಿ ಒಳಕ್ಕೆ ಒತ್ತಿ. ಕತ್ತರಿಸುವ ಅಗತ್ಯ ಬರಲಾರದು. ಹಿಂದಿನ ಮೂಲೆಯಲ್ಲಿ ಲೋಹದ ಮಡಿಕೆ ಇದೆ, ಕೆಲವರು ಅದನ್ನು ಸುತ್ತಿಗೆಯಿಂದ ಬಡಿದು ಮಡಿಸುತ್ತಾರೆ. ನಿಮಗೆ ಅಲ್ಲಿ ತಾಗುತ್ತಿಲ್ಲ, ಸುಮ್ನೆ ಮುಟ್ಟಬೇಡಿ. ನಮ್ಮ ಕಡೆಯ ಮಳೆಗೆ ಒಮ್ಮೆ ಬಣ್ಣ ಬಿರಿದರೆ ಸಾಕು, ಮುಂದಿನ ವರ್ಷಕ್ಕೆ ಬೆರಳು ಹಾಕಿದರೆ ತುಕ್ಕು ಬರುತ್ತದೆ.

ಹೈವೇಯಲ್ಲಿ ಸ್ಟೀರಿಂಗ್ ಹಗುರ ಅಂದಿರಲ್ಲ, ಅದು ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ಒಲಿದಿರುವ ಕೋನ. ಆರ್ಮ್ ಕೆಳಕ್ಕೆ ಇಳಿದಾಗ ಆಕ್ಸಲ್ಲೂ ಅದರ ಜೊತೆ ಮುಂದಕ್ಕೆ ಉರುಳಿದೆ, ಕಿಂಗ್‌ಪಿನ್‌ನ ಹಿಂದಿನ ಒಲವು ಕಡಿಮೆಯಾಗಿದೆ. ಕ್ಯಾಸ್ಟರ್ ಸರಿಮಾಡುವ ಬುಷ್ (ಆರ್ಮ್ ತುದಿಯ ರಬ್ಬರ್ ಬಳೆ) ಸಿಗುತ್ತದೆ, ಆರ್ಮ್‌ನ ಬ್ರ್ಯಾಕೆಟ್ ಕೆಳಗಿಳಿಸುವ ಕಿಟ್ ಸಿಗುತ್ತದೆ, ಪೂರ್ತಿ ಹೊಸ ಆರ್ಮ್ ಕೂಡ ಸಿಗುತ್ತದೆ. ಬ್ರ್ಯಾಕೆಟ್ ಕೆಳಗಿಳಿಸಿದರೆ ಅದೇ ದಿಣ್ಣೆಗೆ ತಾಗುತ್ತದೆ, ನಿಮ್ಮ ದಾರಿಗೆ ಬೇಡ. ಹೊಸ ಆರ್ಮ್ ಕೊಳ್ಳುವುದಾದರೆ ಅದು ಆಕ್ಸಲ್ಲನ್ನು ಎಷ್ಟು ಮುಂದಕ್ಕೆ ತಳ್ಳುತ್ತದೆ ಎಂದು ಕೇಳಿ. ಕೆಲವು ತಳ್ಳುತ್ತವೆ, ಆಗ ನಿಮ್ಮ ಬಂಪರ್ ಕಥೆ ಮತ್ತೆ ಶುರು. ನಿಮಗೆ ಬುಷ್ ಸಾಕು. ಅಲೈನ್‌ಮೆಂಟ್ ಶೀಟ್‌ನಲ್ಲಿ ಕ್ಯಾಸ್ಟರ್ ಅಂಕಿ ಹಿಂದೆ ಮುಂದೆ ಎರಡೂ ಬರೆಸಿಕೊಳ್ಳಿ.

3 ಇಂಚು ಮಾಡಿಸಿದ್ದರೆ ಏನಾಗುತ್ತಿತ್ತು ಗೊತ್ತಾ? ಆರ್ಮ್‌ಗೆ ಉಜ್ಜುವುದು ಹಾಗೇ ಇರುತ್ತಿತ್ತು. ಆಕ್ಸಲ್ ಇನ್ನೂ ಬಲಕ್ಕೆ ಸರಿಯುತ್ತಿತ್ತು. ಸ್ಟೀರಿಂಗ್ ಇನ್ನೂ ಹಗುರ. ನಿಮ್ಮ ಮೂಲ ತೊಂದರೆಯಾದ ದಿಣ್ಣೆಗೂ ಲಿಫ್ಟ್‌ನಿಂದ ಒಂದು ಮಿ.ಮೀ. ಸಿಗುವುದಿಲ್ಲ. ಇದು ಗಟ್ಟಿ ಆಕ್ಸಲ್ ಗಾಡಿ, ಡಿಫರೆನ್ಷಿಯಲ್ ಆಕ್ಸಲ್ ಮೇಲೇ ಕೂತಿದೆ. ಅದನ್ನು ನೆಲದಿಂದ ಎತ್ತುವುದು ಟೈರ್ ಮಾತ್ರ.

ಗಿರಿನಗರ_ಗಾಡಿ

ಹಳೇ ಜಿಪ್ಸಿಯವರ ಲೆಕ್ಕ ಒಪ್ಪಿದೆ. ಆದರೆ ಒಂದು ಮಾತು ಹೇಳಬೇಕು. ಇಷ್ಟೆಲ್ಲ ಬೇಕಾ? 215/75 ಆರ್15 ಹಾಕಿಸಿದ್ದರೆ ಕಂಪನಿ ರಿಮ್‌ಗೇ ಕೂರುತ್ತದೆ. ಲಿಫ್ಟ್ ಇಲ್ಲದೆಯೂ ನನ್ನ ಗಾಡಿಯಲ್ಲಿ ಎಲ್ಲೂ ತಾಗುವುದಿಲ್ಲ. ಬೆಂಗಳೂರಿಂದ ಬಿಸಿಲೆ ಕಡೆಗೆಲ್ಲ ಅದರಲ್ಲೇ ಹೋಗಿ ಬರುತ್ತೇನೆ.

ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೊದಲಿಗೆ ಕೊಟ್ಟ ವಿವರ ಮತ್ತು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ತೋಟದ ಒಳಗೆ ಯಾರೂ ಕೇಳುವುದಿಲ್ಲ, ಸರಿ. ಹೈವೇನಲ್ಲಿ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದೇ ಇದನ್ನು. ಟೈರ್ ಫೆಂಡರ್‌ನಿಂದ ಹೊರಗೆ ಇಣುಕಿದರೆ ಪೊಲೀಸರಿಗೂ ಕಣ್ಣಿಗೆ ಬೀಳುತ್ತದೆ.

ಸ್ಪೀಡೋಮೀಟರ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. 693ರಿಂದ 733 ಅಂದರೆ ಶೇ. 6ರ ಹತ್ತಿರ ವ್ಯತ್ಯಾಸ. ಮೀಟರ್ ಮೊದಲು ತೋರಿಸುತ್ತಿದ್ದಕ್ಕಿಂತ ಅಷ್ಟು ಕಡಿಮೆ ತೋರಿಸುತ್ತದೆ.

ಹಳೇ_ಜಿಪ್ಸಿ

ಕಾನೂನಿನ ಮಾತಿಗೆ ನನ್ನ ತಕರಾರಿಲ್ಲ. ತೋಟದ ಜಿಮ್ನಿಯವರೇ, ವಿಮೆಯವರಿಗೆ ಬರೆದು ತಿಳಿಸಿ, ಅವರು ಏನು ಹೇಳುತ್ತಾರೋ ಅದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಗಿರಿನಗರದವರೇ, 215ರ ಮಾತು ಮಾತ್ರ ನಿಮ್ಮ ದಾರಿಗೆ ಸರಿ, ಅವರ ದಾರಿಗಲ್ಲ. 215/75 ಆರ್15 ಟೈರಿನ ವ್ಯಾಸ 703 ಚಿಲ್ಲರೆ. ಡಿಫರೆನ್ಷಿಯಲ್ ಕೆಳಗೆ ಸಿಗುವುದು 5 ಮಿ.ಮೀ. ಟ್ರ್ಯಾಕ್ಟರ್ ಜಾಡಿನಲ್ಲಿ ಆ 5 ಮಿ.ಮೀ. ಯಾವ ಮೂಲೆಗೆ? ಬಿಸಿಲೆಗೆ ಹೋಗುವವರಿಗೆ ನಾನೂ 215 ಎನ್ನುತ್ತೇನೆ. ಗಾಡಿ ಹಗುರ ಓಡುತ್ತದೆ, ಘಾಟಿಯಲ್ಲಿ ಗೇರ್ ಇಳಿಸುವುದು ಕಡಿಮೆ. 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ 235 ಸ್ವಲ್ಪ ಭಾರವೇ. ದಿಣ್ಣೆಯ ಮೇಲೆ ಗುದ್ದಲಿ ಹಾಕಿಸಿದ್ದರೆ ಎಲ್ಲಕ್ಕಿಂತ ಅಗ್ಗ ಆಗುತ್ತಿತ್ತು. ಅದನ್ನು ಅವರ ಅಪ್ಪ ಹೇಳಿಯೇ ಇರುತ್ತಾರೆ, ನಾನು ಯಾಕೆ ಹೇಳಲಿ.

ತೋಟದ_ಜಿಮ್ನಿ

ಅಪ್ಪ ಅದನ್ನೇ ಹೇಳಿದ್ದರು! ದಿಣ್ಣೆ ತೆಗೆಸಿದರೆ ಒಂದು ಮಳೆಗೆ ಜಾಡು ಮತ್ತೆ ಇಳಿಯುತ್ತದೆ, ಮತ್ತೆ ದಿಣ್ಣೆ.

ಅಪ್‌ಡೇಟ್ ಕೊಡೋಣ ಎಂದು ಬಂದೆ. 15×6, ಇಟಿ ಮೈನಸ್ 10 ರಿಮ್ ಸಿಕ್ಕಿತು. ಮುಂದಿನ ಬಂಪ್ ಸ್ಟಾಪ್‌ಗೆ 25 ಮಿ.ಮೀ. ಸ್ಪೇಸರ್ ಬಿತ್ತು. ಸ್ಟೀರಿಂಗ್ ಸ್ಟಾಪ್ ಎರಡೂ ಕಡೆ ಸ್ವಲ್ಪ ಹೊರಗೆ ತೆಗೆಸಿದೆ, ಈಗ ಆರ್ಮ್ ಪಕ್ಕ ಬೆರಳು ಆರಾಮಾಗಿ ಹೋಗುತ್ತದೆ. ರಿವರ್ಸ್‌ನ ಗರ್ರ್ ಪೂರ್ತಿ ನಿಂತಿದೆ. ಡ್ರೈಯಿಂಗ್ ಯಾರ್ಡ್ ಹತ್ತಿರದ ತಿರುವಿನಲ್ಲಿ ನೀವು ಹೇಳಿದ ಹಾಗೆ ಒಮ್ಮೆ ಹಿಂದೆ ತೆಗೆಯಬೇಕು, ಪರವಾಗಿಲ್ಲ.

ಕೇಬಲ್ ಟೈ ನೋಡಿದೆ. ಶಾಕ್ ತಳ ಮುಟ್ಟುತ್ತಿತ್ತು! ‘ಟಪ್’ ಅದರದ್ದೇ ಆಗಿತ್ತು, ಆಮೇಲಿನ ಉಜ್ಜುವಿಕೆ ಮಾತ್ರ ಟೈರಿನದ್ದು. ಸ್ಪೇಸರ್ ಬಿದ್ದ ಮೇಲೆ ಟೈ ಕೊನೆಯವರೆಗೆ ಹೋಗುತ್ತಿಲ್ಲ, ಟಪ್ ಇಲ್ಲ. ಬಲ ಲೈನರ್‌ನಲ್ಲಿ ಇನ್ನೂ ತೆಳುವಾಗಿ ಬಿಳಿ ಅಂಟುತ್ತದೆ. ರಿಮ್ ಹೊರಗೆ ಬಂದದ್ದಕ್ಕೆ ಇರಬೇಕು. ಪ್ಯಾನ್‌ಹಾರ್ಡ್ ರಾಡ್ ಮತ್ತು ಬುಷ್ ಆರ್ಡರ್ ಮಾಡಿದ್ದೇನೆ, ಬಂದಿಲ್ಲ. ಅಲ್ಲಿಯವರೆಗೆ ಲೈನರ್ ಬಿಸಿ ಮಾಡಿ ಒತ್ತಿಬಿಡಲಾ?

ಹಳೇ_ಜಿಪ್ಸಿ

ಬೇಡ, ರಾಡ್ ಬರಲಿ. ಆಕ್ಸಲ್ 7 ಮಿ.ಮೀ. ಎಡಕ್ಕೆ ಬಂದ ಮೇಲೆ ಬಲದ ಬಿಳಿ ಹೋಗಿ ಎಡದಲ್ಲಿ ಕಾಣಿಸಿಕೊಳ್ಳಬಹುದು. ಆಗ ಎರಡೂ ಕಡೆ ಒಂದೇ ಸಲ ಒತ್ತಿದರಾಯಿತು. ತೆಳು ಬಿಳಿ ಅಂದರೆ ಪ್ಲಾಸ್ಟಿಕ್ ಸವರುತ್ತಿದೆ, ಟೈರಿಗೆ ಏನೂ ಆಗುವುದಿಲ್ಲ.

ಶಾಕ್ ತಳ ಮುಟ್ಟಿ ಎಷ್ಟು ದಿನ ಓಡಿದೆಯೋ, ಎರಡೂ ಮುಂದಿನ ಶಾಕ್‌ನಲ್ಲಿ ಎಣ್ಣೆ ಸೋರಿದೆಯಾ ನೋಡಿ. ರಾಡ್ ಹಾಕಿಸುವ ದಿನ ಗಾಡಿ ಜಾಕ್ ಮೇಲಿರುವಾಗ ಬೋಲ್ಟ್ ಬಿಗಿ ಮಾಡಲು ಬಿಡಬೇಡಿ. ಚಕ್ರ ನೆಲಕ್ಕೆ ಇಳಿದು ಗಾಡಿ ತನ್ನ ಭಾರಕ್ಕೆ ಕೂತ ಮೇಲೆ ಬಿಗಿ ಮಾಡಿಸಿ. ಇಲ್ಲದಿದ್ದರೆ ಬುಷ್ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕ್ಯಾಸ್ಟರ್ ಬುಷ್‌ಗೂ ಇದೇ ಮಾತು. ಆಮೇಲೆ ಡ್ರ್ಯಾಗ್ ಲಿಂಕ್, ಆಮೇಲೆ ಅಲೈನ್‌ಮೆಂಟ್. ಹೊಸ ರಿಮ್‌ನ ನಟ್‌ಗಳನ್ನು ಈ ವಾರವೇ ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿಸಿ.